ಗಡಿಯಾರದ ಟಿಕ್ ಕೇಳಿಸಿದ ದೂರ

ಹತ್ತೊಂಬತ್ತು ವರ್ಷದಿಂದ ಭೌತಶಾಸ್ತ್ರ ಕಲಿಸುತ್ತಿದ್ದ ಆ ಮೇಡಂಗೆ ಮಕ್ಕಳು ಇಟ್ಟ ಹೆಸರು ‘ಯಾಕಮ್ಮ’. ಯಾರು ಏನು ಹೇಳಿದರೂ ಅವರ ಬಾಯಲ್ಲಿ ಮೊದಲು ಬರುತ್ತಿದ್ದದ್ದು ‘ಯಾಕೆ?’ ಅನ್ನುವ ಪ್ರಶ್ನೆಯೇ. “ಇವರ ಹತ್ತಿರ ಸೆಕೆ ಅಂತ ಗೊಣಗೋ ಹಾಗೂ ಇಲ್ಲ, ಕಾರಣ ಕೊಡಬೇಕಾಗುತ್ತೆ” ಅಂತ ಗಣಿತದ ಮೇಷ್ಟ್ರು ಸ್ಟಾಫ್ ರೂಮಿನಲ್ಲಿ ಛೇಡಿಸುತ್ತಿದ್ದರು.

ಕೊನೆಯ ವರ್ಷದ ಮಕ್ಕಳು ತಲಾ ಒಂದು ಸಂಶೋಧನೆಯನ್ನು ತಾವೇ ಮಾಡಿ ಮುಗಿಸಬೇಕು ಅನ್ನುವುದು ಆ ಕಾಲೇಜಿನ ನಿಯಮ. ಉಳಿದ ಮೇಷ್ಟ್ರುಗಳು ಹಳೇ ವರದಿಗಳನ್ನೇ ಹಿಂದೆಮುಂದೆ ಮಾಡಿ ಬರೆಸಿ ಕೈ ತೊಳೆದುಕೊಳ್ಳುತ್ತಿದ್ದರು. ಯಾಕಮ್ಮ ಮಾತ್ರ, “ನಿಮ್ಮ ಮನೇಲೇ ಒಂದು ಪ್ರಶ್ನೆ ಇರುತ್ತೆ, ಅದನ್ನ ಹಿಡ್ಕೊಂಡು ಬನ್ನಿ” ಅನ್ನುತ್ತಿದ್ದರು.

ಆ ವರ್ಷ ಹಿಂದಿನ ಬೆಂಚಿನ ಹುಡುಗಿಯೊಬ್ಬಳು ತಂದ ಪ್ರಶ್ನೆ: “ನಮ್ಮಪ್ಪ ಟೀವಿ ಅಷ್ಟು ಜೋರಾಗಿ ಯಾಕೆ ಇಡ್ತಾರೆ?”

ಅಪ್ಪ ತಗಡಿನ ಮುಚ್ಚಳ ಒತ್ತುವ ಕಾರ್ಖಾನೆಯಲ್ಲಿ ಇಪ್ಪತ್ತೆಂಟು ವರ್ಷದಿಂದ ದೊಡ್ಡ ಪ್ರೆಸ್ ನಡೆಸುವವರು. ಯಾಕಮ್ಮನ ಕಣ್ಣು ಅರಳಿತು. ಇಬ್ಬರೂ ಕೂತು ವಿಧಾನ ಕಟ್ಟಿದರು. ಕಿಟಕಿ ಮುಚ್ಚಿದ ಕೋಣೆ, ಕಣ್ಣನ್ನೂ ಒಂದು ಕಿವಿಯನ್ನೂ ಮುಚ್ಚಿಕೊಂಡ ಮನುಷ್ಯ, ಟೇಪಿನ ಮೇಲೆ ದೂರದಿಂದ ಹತ್ತಿರಕ್ಕೆ ಸರಿಯುವ ಟೇಬಲ್ ಗಡಿಯಾರ. ಟಿಕ್ ಟಿಕ್ ಕೇಳಿಸಿದ ಕೂಡಲೇ ಕೈ ಎತ್ತಬೇಕು. ನಡುನಡುವೆ ಗಡಿಯಾರವನ್ನು ನಿಲ್ಲಿಸಿ ಹಿಡಿಯಬೇಕು, ಊಹೆಯಿಂದ ಕೈ ಎತ್ತುವವರು ಗೊತ್ತಾಗಲಿ ಅಂತ. ಹುಡುಗಿ ಐದು ವಾರ ರಜೆಯ ದಿನಗಳಲ್ಲಿ ಅದೇ ಕಾರ್ಖಾನೆಯ ಹದಿನೇಳು ಕೆಲಸಗಾರರ ಮನೆಗೆ ಹೋಗಿ ಅಳೆದಳು.

ಹದಿನೇಳನೆಯದು ಅವಳದೇ ಮನೆ. ಮರುದಿನ ಲ್ಯಾಬಿಗೆ ಬಂದವಳು ಪುಸ್ತಕ ಬಿಚ್ಚಲಿಲ್ಲ.

“ಗಡಿಯಾರ ನಿಂತಿದ್ದಾಗಲೂ ಅಪ್ಪ ಕೈ ಎತ್ತಿದ್ರು ಮೇಡಂ. ‘ಚೆನ್ನಾಗಿ ಕೇಳಿಸ್ತಿದೆ’ ಅಂದ್ರು. ಇದೊಂದನ್ನ ಬಿಟ್ಟುಬಿಡ್ಲಾ?”

“ಬೇಡ. ಒಂದು ಅಂಕಿ ಬಿಟ್ಟರೂ ಉಳಿದ ಹದಿನಾರನ್ನ ಯಾರೂ ನಂಬಲ್ಲ.”

ಹುಡುಗಿ ತಲೆ ತಗ್ಗಿಸಿ ಬರೆದಳು: ಎಡಗಿವಿ ನಾಲ್ಕು ಸೆಂಟಿಮೀಟರ್, ಬಲಗಿವಿ ಸೊನ್ನೆ.

ಕಾಲೇಜಿನ ಪ್ರದರ್ಶನದಲ್ಲಿ ಆ ಪಟ್ಟಿಯನ್ನು ಗೋಡೆಗೆ ಹಚ್ಚಿದರು. ಅದರಲ್ಲಿ ಯಾರ ಹೆಸರೂ ಇರಲಿಲ್ಲ, ಬರೀ ವಯಸ್ಸು, ಕೆಲಸದ ವರ್ಷ, ಯಂತ್ರ. ಅಷ್ಟು ಸಾಕು ಅಂದುಕೊಂಡು ಯಾಕಮ್ಮ ಸಹಿ ಹಾಕಿದ್ದರು. ಆದರೆ ಆ ಕಾರ್ಖಾನೆಯಲ್ಲಿದ್ದದ್ದು ಒಂದೇ ಒಂದು ದೊಡ್ಡ ಪ್ರೆಸ್. ಅಲ್ಲಿನ ಸೂಪರ್‌ವೈಸರ್ ತನ್ನ ಮಗಳ ಪ್ರದರ್ಶನ ನೋಡಲು ಬಂದವನು ಪಟ್ಟಿಯ ಮುಂದೆ ನಿಂತ, ಓದಿದ, ಫೋಟೋ ತೆಗೆದುಕೊಂಡು ಹೋದ.

ಮೂರನೇ ದಿನ ಹುಡುಗಿಯ ಅಪ್ಪನನ್ನು ಪ್ರೆಸ್ಸಿನಿಂದ ತೆಗೆದು ಮುಚ್ಚಳ ಎಣಿಸಿ ಪೆಟ್ಟಿಗೆಗೆ ತುಂಬುವ ಕಡೆ ಕೂರಿಸಿದರು. ಹುಡುಗಿ ಕಾಲೇಜಿಗೆ ಬರುವುದನ್ನು ನಿಲ್ಲಿಸಿದಳು.

ಒಂದು ವಾರ ಕಾದು ಯಾಕಮ್ಮ ಅವರ ಮನೆ ಹುಡುಕಿಕೊಂಡು ಹೋದರು. ಎರಡು ಕೋಣೆಯ ಮನೆ. ಬಾಗಿಲು ತೆಗೆದ ತಾಯಿ ‘ಬನ್ನಿ’ ಅಂದರೇ ಹೊರತು ಮುಖ ನೋಡಲಿಲ್ಲ. ಅಪ್ಪ ಕುರ್ಚಿ ಎಳೆದು ಕೊಟ್ಟರು.

“ಪ್ರೆಸ್ ಬೀಳೋ ಮುಂಚೆ ಎಚ್ಚರಿಕೆ ಗಂಟೆ ಹೊಡೆದ್ರೆ ನಂಗೆ ಕೇಳಿಸಲ್ಲ, ನಿಜ,” ಅಂದರು, ಪಕ್ಕದ ಮನೆಗೂ ಕೇಳುವ ಹಾಗೆ. “ಆದ್ರೆ ಪ್ರೆಸ್ ಬೀಳೋದು ಕಾಲಿಗೇ ಗೊತ್ತಾಗುತ್ತೆ. ಇಪ್ಪತ್ತೆಂಟು ವರ್ಷದಲ್ಲಿ ಒಬ್ಬರ ಬೆರಳೂ ಹೋಗಿಲ್ಲ ನನ್ನ ಯಂತ್ರದಲ್ಲಿ. ಈಗ ಹೋಗಿ ಹೋಗಿ ಮುಚ್ಚಳ ಎಣಿಸೋಕೆ ಕೂರಿಸಿದ್ದಾರೆ.”

ಒಳಕೋಣೆಯ ಬಾಗಿಲಲ್ಲಿ ನಿಂತಿದ್ದ ಹುಡುಗಿ ಅಂದಳು: “ಅದೊಂದನ್ನ ಬಿಟ್ಟುಬಿಡ್ಲಾ ಅಂತ ಕೇಳಿದ್ದೆ ಮೇಡಂ.”

ಯಾಕಮ್ಮ ಕುರ್ಚಿಯಿಂದ ಎದ್ದರು. “ಹೌದು, ನೀನು ಕೇಳಿದ್ದೆ. ಅಂಕಿ ಮುಚ್ಚಿಡಬೇಡ ಅಂತ ಕಲಿಸಿದೆ, ಮನುಷ್ಯರನ್ನ ಮುಚ್ಚಿಡೋದು ಕಲಿಸಲಿಲ್ಲ. ತಪ್ಪು ನಿಂದಲ್ಲ, ನಂದು.” ಆಮೇಲೆ ಅಪ್ಪನ ಎಡಕ್ಕೆ ಬಂದು, ಕಿವಿಯ ಹತ್ತಿರ ಬಾಗಿ, ಅದನ್ನೇ ಇನ್ನೊಮ್ಮೆ ಜೋರಾಗಿ ಹೇಳಿದರು. ಕ್ಷಮೆ ಕೇಳುವಾಗ ಕೂಗಬೇಕಾಗಿ ಬಂದದ್ದು ಅವರನ್ನು ತುಂಬ ದಿನ ಕಾಡಿತು.

ಮರುದಿನವೇ ಕಾರ್ಖಾನೆಗೆ ಹೋದರು. “ಹದಿನೇಳರಲ್ಲಿ ಹನ್ನೊಂದು ಜನಕ್ಕೆ ಕಿವಿ ಮಂದ ಆಗಿದೆ. ಇದು ಒಬ್ಬರ ದೋಷ ಅಲ್ಲ, ನಿಮ್ಮ ಶೆಡ್ಡಿನ ಸದ್ದು” ಅಂದರು. ಮ್ಯಾನೇಜರ್ ಕುರ್ಚಿಗೆ ಒರಗಿದ. “ಗಂಟೆ ಕೇಳದವರನ್ನ ಪ್ರೆಸ್ಸಿನ ಹತ್ತಿರ ನಿಲ್ಲಿಸಿ ಅಂತ ನೀವು ಬರೆದುಕೊಡ್ತೀರಾ ಮೇಡಂ?”

ಯಾಕಮ್ಮ ಎದ್ದು ಬಂದರು. ಅವನ ಮಾತಲ್ಲಿ ಸುಳ್ಳಿರಲಿಲ್ಲ, ಸಂಕಟ ಅದೇ.

ಇತ್ತ ಪ್ರಾಂಶುಪಾಲರು, “ವರದಿ ವಾಪಸ್ ತಗೊಳ್ಳಿ, ನಮಗ್ಯಾಕೆ ಊರ ಉಸಾಬರಿ” ಅಂತ ದುಂಬಾಲು ಬಿದ್ದರು. ಯಾಕಮ್ಮ ಹುಡುಗಿಯ ಮನೆಗೆ ಮತ್ತೆ ಹೋಗಿ ಅಪ್ಪನನ್ನೇ ಕೇಳಿದರು. ಅವರು, “ನಂದಂತೂ ಆಯ್ತು. ಹೊಸಬರು ಮೂವರಿದ್ದಾರೆ, ಇನ್ನೂ ಚಿಕ್ಕ ವಯಸ್ಸು. ವರದಿ ಇರಲಿ ಬಿಡಿ” ಅಂದರು.

ಹುಡುಗಿ ತಿರುಗಿ ಕಾಲೇಜಿಗೆ ಬಂದಳು. ಪಟ್ಟಿ ಕಿತ್ತು, ಯಾರು ಯಾರೆಂದು ಗೊತ್ತಾಗದ ಹಾಗೆ ಗುಂಪು ಮಾಡಿ ಹೊಸದಾಗಿ ಬರೆದಳು. ಯಾಕಮ್ಮ ಹೇಳಿದ್ದನ್ನೆಲ್ಲ ಬರೆದುಕೊಂಡಳು, ಆದರೆ ಮುಂಚಿನ ಹಾಗೆ ವಾದ ಮಾಡಲಿಲ್ಲ. ಆ ವರದಿ ಕಾರ್ಮಿಕ ಇಲಾಖೆಗೆ ಹೋಯಿತು. ನಾಲ್ಕು ತಿಂಗಳ ಮೇಲೆ ಒಬ್ಬ ಅಧಿಕಾರಿ ಬಂದು ನೋಡಿ ಹೋದ. ಎಲ್ಲರಿಗೂ ಸದ್ದು ತಡೆಯಲು ಕಿವಿಗೆ ಹಾಕುವ ಮುಚ್ಚಳ ಸಿಕ್ಕಿತು. ಅಪ್ಪ ಮಾತ್ರ ಪೆಟ್ಟಿಗೆ ತುಂಬುವ ಮೇಜಿನಲ್ಲೇ ಉಳಿದರು.

ಮುಂದಿನ ವರ್ಷ ಸಂಶೋಧನೆಗೆ ಮಾರ್ಗದರ್ಶನ ಮಾಡಲು ಯಾಕಮ್ಮ ಒಪ್ಪಲಿಲ್ಲ. ಅದರ ಮುಂದಿನ ವರ್ಷ ಒಪ್ಪಿದರು. ಹುಡುಗಿ ವಿಜ್ಞಾನ ಬಿಟ್ಟು ಬೇರೆ ಕಡೆ ಕಾನೂನು ಓದಲು ಸೇರಿದ್ದಾಳೆ ಅಂತ ಗಣಿತದ ಮೇಷ್ಟ್ರಿಂದ ಗೊತ್ತಾಯಿತು. ಅವಳ ಫೋನ್ ನಂಬರು ಯಾಕಮ್ಮನ ಹತ್ತಿರ ಇದೆ. ಎರಡು ಸಲ ಒತ್ತಲು ಹೋಗಿ ಬಿಟ್ಟಿದ್ದಾರೆ.