ನಾನು ಕಲ್ಪಿಸಿದ ಸರೋಜಮ್ಮ

“ನಾನು ನಲ್ಲೂರಿನ ಸರೋಜಮ್ಮ,” ಎಂದು ಬಾಗಿಲಲ್ಲಿ ನಿಂತ ಹೆಂಗಸು ಹೇಳಿದರು. ದೇವನಹಳ್ಳಿಯಲ್ಲಿ ಉಪ್ಪಿನಕಾಯಿ ಮಾಡಿ ಮಾರುವ ನಾನು, ವ್ಯಾಪಾರ ಹೆಚ್ಚಲೆಂದು ಆನ್‌ಲೈನ್ ಚರ್ಚಾ ವೇದಿಕೆಯೊಂದರಲ್ಲಿ ಅದೇ ಊರಿನ, ಅದೇ ಹೆಸರಿನ ಗ್ರಾಹಕಿಯನ್ನು ಕಲ್ಪಿಸಿಕೊಂಡು ಅವಳೇ ಬರೆದಂತೆ ಬರೆದಿದ್ದೆ. ಊಟ ಬಿಟ್ಟಿದ್ದ ಅವಳ ಅತ್ತೆ ನನ್ನ ಉಪ್ಪಿನಕಾಯಿ ನೆಂಚಿಕೊಂಡು ಮತ್ತೆ ಉಂಡರೆಂಬ ಕತೆ ಅದು.

“ನನ್ನ ಹೆಸರಲ್ಲಿ ಅದು ಬಂದ ಮಾರನೇ ದಿನದಿಂದ್ಲೇ ನಮ್ಮತ್ತೆ ಊಟ ಬಿಟ್ಟವ್ರೆ ಕಣಕ್ಕಾ. ಬರೆದೋರು ಯಾರು?”

ನಾನೇ, ಎಲ್ಲವೂ ಕಟ್ಟುಕತೆ ಎಂದು ಒಪ್ಪಿಕೊಂಡೆ. ಆಕೆ ಬೈಯಲಿಲ್ಲ.

“ಹಂಗಾದ್ರೆ ಮತ್ತೆ ಉಂಡಿದ್ದೂ ಸುಳ್ಳಾ?” ಎಂದರು. ಆದರೂ ಒಂದು ಬಾಟಲಿ ಕೇಳಿ ಪಡೆದು ಹೋದರು.

ಬರೆದದ್ದನ್ನು ಅಂದೇ ಅಳಿಸಿದೆ. ಈಗ ನನ್ನ ಹೆಸರಲ್ಲೇ ಬರೆಯುತ್ತೇನೆ. ಆ ಅತ್ತೆ ಉಂಡರೋ ಇಲ್ಲವೋ ಎಂದು ನಲ್ಲೂರಿಗೆ ಹೋಗಿ ಕೇಳುವ ಧೈರ್ಯ ಮಾತ್ರ ಇನ್ನೂ ಬಂದಿಲ್ಲ.