ಮಾಸ್ತಮ್ಮನ ವರ್ತನೆ ಮನೆ

ಬಾಡದಿಂದ ಕುಮಟೆಗೆ ರಸ್ತೆ ಮಾಡುವಾಗ, ಅಂದರೆ ೧೯೫೮ರಲ್ಲಿ, ಊರವರೆಲ್ಲ ಶ್ರಮದಾನಕ್ಕೆ ಬರಬೇಕೆಂದು ಹೇಳಿಕೆ ಬಂತು. ಮೀನು ಮಾರುವ ಮಾಸ್ತಮ್ಮ ಒಂಬತ್ತು ದಿನ ಕೆಂಪು ಮಣ್ಣು ಹೊತ್ತಳು. ರಸ್ತೆಯಾದರೆ ಬಸ್ಸು ಬರುತ್ತದೆ, ಬಸ್ಸು ಬಂದರೆ ಬುಟ್ಟಿ ಹೊತ್ತು ಬಿಸಿಲಲ್ಲಿ ಓಡುವುದು ತಪ್ಪುತ್ತದೆ ಎಂಬುದೊಂದೇ ಅವಳ ಆಸೆ. ಮೀನಿಗೆ ಕಾಯುವ ಗುಣವಿಲ್ಲ. ಹೊತ್ತು ಏರುವ ಮೊದಲು ಪೇಟೆ ಮುಟ್ಟದಿದ್ದರೆ ಬಂಗಡೆಯ ಕಣ್ಣು ಮಂಕಾಗುತ್ತದೆ, ಗಿರಾಕಿ ಮೂಗು ಮುಚ್ಚುತ್ತಾಳೆ.

ಬಸ್ಸೇನೋ ಬಂತು. ದೇವರು ಕೊಟ್ಟರೂ ಪೂಜಾರಿ ಕೊಡ ಅನ್ನುತ್ತಾರಲ್ಲ, ಇಲ್ಲಿ ಆ ಪೂಜಾರಿ ಕಂಡಕ್ಟರ್ ವೆಂಕಟ. ಬಾಳೆಗೊನೆ ಬಸ್ಸಿನ ಮೇಲೆ ಹೋಗುತ್ತಿತ್ತು, ಕೋಳಿ ಹೋಗುತ್ತಿತ್ತು, ಮೀನಿನ ಬುಟ್ಟಿ ಮಾತ್ರ ಕೂಡದು. ಎರಡು ವರ್ಷ ಮಾಸ್ತಮ್ಮ ಮತ್ತು ಅವಳ ಜೊತೆಯ ಆರು ಹೆಂಗಸರು ತಾವೇ ಮಣ್ಣು ಹೊತ್ತ ರಸ್ತೆಯಲ್ಲಿ ಬಸ್ಸಿನ ಧೂಳು ಕುಡಿಯುತ್ತ ನಡೆದರು. ಒಂದು ದಿನ ಡ್ರೈವರು ಕನಿಕರಪಟ್ಟು ಅವಳ ಬುಟ್ಟಿಯನ್ನು ಮೇಲೆ ಹಾಕಿಸಿದ. ಅರ್ಧ ದಾರಿಯಲ್ಲಿ ಅದು ವೆಂಕಟನ ಕಣ್ಣಿಗೆ ಬಿತ್ತು. ಅವನು ಬಸ್ಸು ನಿಲ್ಲಿಸಿ, ಮೇಲೆ ಹತ್ತಿ, ಬುಟ್ಟಿಯನ್ನು ಕೆಳಕ್ಕೆ ನೂಕಿದ. ಬಂಗಡೆಯೆಲ್ಲ ಮಣ್ಣುಪಾಲಾಯಿತು.

“ಇಳಿ, ನಡ್ಕಂಡೇ ಹೋಗು. ನಿಂಗೆಂತ ಕಾಲು ಸವೀತದ್ಯಾ?” ಎಂದ. ಒಳಗೆ ಕೂತವರು ನಕ್ಕರು.

ಬೈಗುಳಕ್ಕೆ ಮಾಸ್ತಮ್ಮ ಹೆದರುವವಳಲ್ಲ. ಆ ನಗು ಮಾತ್ರ ಅವಳ ಹೊಟ್ಟೆಗೆ ಬೆಂಕಿ ಇಟ್ಟಿತು. ಮಣ್ಣು ಮೆತ್ತಿದ ಮೀನನ್ನು ಒಂದೊಂದಾಗಿ ಆರಿಸುತ್ತ, ಇವನಿಗೆ ತಕ್ಕ ಶಾಸ್ತಿ ಮಾಡದಿದ್ದರೆ ತಾನು ಅಪ್ಪನಿಗೆ ಹುಟ್ಟಿದವಳೇ ಅಲ್ಲ ಎಂದುಕೊಂಡಳು.

ಮೀನು ಮಾರುವ ಹೆಂಗಸರಲ್ಲಿ ಒಂದು ಕಟ್ಟಳೆಯಿತ್ತು. ಕುಮಟೆಯಲ್ಲಿ ಮೀನು ತಿನ್ನುವ ಪ್ರತಿ ಮನೆಯೂ ಒಬ್ಬಳ ವರ್ತನೆ ಮನೆ. ಅತ್ತೆಯಿಂದ ಸೊಸೆಗೆ ಬಂದದ್ದು. ಅವಳು ಬಾಯಿಬಿಟ್ಟು “ಬಿಟ್ಟೆ” ಅನ್ನುವ ತನಕ ಬೇರೆ ಯಾವಳೂ ಆ ಮನೆಯವರಿಗೆ ಒಂದು ಸಿಗಡಿಯನ್ನೂ ಮಾರುವಂತಿಲ್ಲ, ಮೀನುಪೇಟೆಯಲ್ಲಿ ಕೂತಾಗಲೂ ಅಷ್ಟೇ. ವೆಂಕಟ ಬಾಡಿಗೆಗಿದ್ದ ಮನೆ ಮಾಸ್ತಮ್ಮನ ವರ್ತನೆ. ಅವನಿಗೆ ಇದು ಗೊತ್ತೇ ಇರಲಿಲ್ಲ. ತಟ್ಟೆಗೆ ಬಂದ ಮೀನು ಯಾರ ತಲೆಯ ಮೇಲಿಂದ ಇಳಿಯಿತು ಎಂದು ಕೇಳುವ ಜಾತಿ ಅವನದಲ್ಲ.

ಮರುದಿನದಿಂದ ಅವಳು ಆ ಬಾಗಿಲಲ್ಲಿ ಬುಟ್ಟಿ ಇಳಿಸಲಿಲ್ಲ. ವೆಂಕಟನ ಹೆಂಡತಿ ಕರೆದರೆ, “ಎಂತಕ್ಕೆ ಅಂತ ನಿಮ್ಮನೆಯವ್ರ ಹತ್ರ ಕೇಳಿ,” ಎಂದು ಮುಂದೆ ಹೋದಳು. ಹೆಂಡತಿ ಮೀನುಪೇಟೆಗೆ ಹೋದಳು. ಅಲ್ಲಿ ಮಾಸ್ತಮ್ಮನ ಜೊತೆಯವಳಾದ ಕಾಳಿ ಬುಟ್ಟಿಗೆ ಎಲೆ ಮುಚ್ಚಿ, “ಮಾಸ್ತಮ್ಮ ಬಿಟ್ಟೆ ಹೇಳ್ಲಿ, ಆಮೇಲೆ ನೋಡ್ವ,” ಎಂದಳು. ಕೊನೆಗೆ ವೆಂಕಟನೇ ಖಾಕಿ ಅಂಗಿಯಲ್ಲಿ ಬಂದು ನಿಂತ. ಹೆಂಗಸರು ಅವನೆದುರೇ ಮಳೆಯ ಸುದ್ದಿ ಮಾತಾಡಿದರು. ಮೀನಿಲ್ಲದೆ ಅವನಿಗೆ ಗಂಜಿ ಇಳಿಯುತ್ತಿಲ್ಲ, ಬದನೆಕಾಯಿಯ ಮೇಲೆ ಸಿಟ್ಟು ಮಾಡಿ ತಟ್ಟೆ ಎಸೆಯುತ್ತಾನೆ ಎಂಬ ಸುದ್ದಿ ಬಂದ ದಿನ ಮಾಸ್ತಮ್ಮನಿಗೆ ಆದ ಸಂತೋಷ ಇಷ್ಟಿಷ್ಟಲ್ಲ.

ನಾಲ್ಕನೇ ವಾರ ಬಸ್ಸು ಅವಳ ಪಕ್ಕದಲ್ಲೇ ನಿಂತಿತು.

“ಹತ್ತು ಮಾರಾಯ್ತಿ, ಬುಟ್ಟಿ ನಾನೇ ಮೇಲೆ ಹಾಕ್ತೆ,” ಎಂದ ವೆಂಕಟ. “ಆದ್ರೆ ನೀ ಒಬ್ಳೆ. ಏಳು ಬುಟ್ಟಿ ಹಾಕಿದ್ರೆ ಬಸ್ ಕಂಪನಿ ಏಜೆಂಟ್ ದುರ್ಗಪ್ಪ ನನ್ನ ಕೆಲ್ಸ ತೆಗೀತ.”

ಅವಳ ಒಂದು ಕಾಲು ಆಗಲೇ ಮೆಟ್ಟಿಲ ಮೇಲಿತ್ತು. ಸುಳ್ಳು ಯಾಕೆ, ಆಸೆಯಾಯಿತು. ಹಿಂದೆ ಆರು ಹೆಂಗಸರು ಬುಟ್ಟಿ ಹೊತ್ತು ನಿಂತಿದ್ದರು. ಇವಳ ಸಿಟ್ಟಿಗಾಗಿ ಒಳ್ಳೆಯ ಗಿರಾಕಿಯನ್ನು ವಾರಗಟ್ಟಲೆ ವಾಪಸು ಕಳಿಸಿದವರು.

“ಹೋಗೆ, ನಾವು ಹಿಂದಿಂದ ಬತ್ತೇವು,” ಎಂದಳು ಕಾಳಿ.

ಮಾಸ್ತಮ್ಮ ಕಾಲು ಕೆಳಗಿಟ್ಟಳು. “ದುರ್ಗಪ್ಪನ ಮನೆ ಯಾರ ವರ್ತನೆ?” ಎಂದು ಕೇಳಿದಳು.

“ನಂದೇ,” ಎಂದಳು ಕಾಳಿ.

ದುರ್ಗಪ್ಪನ ಮನೆಗೆ ಆ ವಾರವೇ ಮುಂಬಯಿಯಿಂದ ಹೊಸ ಅಳಿಯ ಬಂದಿದ್ದ. ಸಮುದ್ರದ ದಂಡೆಯ ಮಾವ ಅಳಿಯನಿಗೆ ಐದು ದಿನ ಕುಂಬಳಕಾಯಿ ಬಡಿಸಿದ. ಆರನೇ ದಿನ ಬೆಳಿಗ್ಗೆ, ಮೀನಿನ ಬುಟ್ಟಿಗಳನ್ನು ಹಾಕಿಕೊಂಡು ಬರಬೇಕೆಂದು ಏಜೆಂಟರ ಹುಕುಂ ಆಯಿತು. ಏಳು ಬುಟ್ಟಿಗಳನ್ನೂ ವೆಂಕಟನೇ ಎತ್ತಿದ. ಮಾಸ್ತಮ್ಮ ತನ್ನದನ್ನು ಕೊನೆಗೆ ಕೊಟ್ಟಳು; ನೀರು ಬಸಿಯದೆ ತಂದಿದ್ದಳು. ಮೀನಿನ ನೀರು ಅವನ ಕೊರಳಿನಿಂದ ಖಾಕಿಯೊಳಗೆ ಇಳಿಯುವುದನ್ನು ಬಸ್ಸಿನವರೆಲ್ಲ ನೋಡಿದರು.

ಅದೇ ದಿನ ಕಾಳಿ ದುರ್ಗಪ್ಪನ ಮನೆಗೆ ಮೀನು ಕೊಟ್ಟಳು. ಮಾಸ್ತಮ್ಮ ಮಾತ್ರ ವೆಂಕಟನ ಮನೆಗೆ ಮೀನೂ ಕೊಡಲಿಲ್ಲ, “ಬಿಟ್ಟೆ” ಎಂದೂ ಅನ್ನಲಿಲ್ಲ.

“ಆತಲ್ಲೆ, ಇನ್ನೆಂತಕ್ಕೆ? ಆ ಹೆಂಡ್ತಿ ಎಂತ ಪಾಪ ಮಾಡಿದ್ದು?” ಎಂದು ಕಾಳಿ ಕೇಳಿದಳು.

“ಅವಳ ಪಾಪ ಎಂತದೂ ಇಲ್ಲ,” ಎಂದಳು ಮಾಸ್ತಮ್ಮ. “ನನ್ನ ಹೊಟ್ಟೆ ಇನ್ನೂ ಆರ್ಲಿಲ್ಲ.”

ಮೂರು ವರ್ಷ ಅವನ ಬಸ್ಸಿನಲ್ಲೇ ಓಡಾಡಿದಳು, ಬುಟ್ಟಿಯನ್ನು ಅವನಿಂದಲೇ ಎತ್ತಿಸಿದಳು. ಕೊನೆಗೆ ವೆಂಕಟ ಹೊನ್ನಾವರದ ಕಡೆಗೆ ಬದಲಿ ಕೇಳಿ ಪಡೆದ. ಸಾಮಾನು ಗಾಡಿಗೆ ಏರುವ ದಿನ ಮಾಸ್ತಮ್ಮ ಇಷ್ಟು ವರ್ಷಗಳ ಮೇಲೆ ಮತ್ತೆ ಅವನ ಬಾಗಿಲಲ್ಲಿ ಬುಟ್ಟಿ ಇಳಿಸಿದಳು. ಗಂಡ ಹೆಂಡತಿ ಇಬ್ಬರೂ ಹೊರಗೆ ಬಂದರು. ಅವಳು ಎಲೆ ಸರಿಸಿ, ತೋಳುದ್ದದ ಇಸೋಣ ಮೀನನ್ನು ಎತ್ತಿ ಹಿಡಿದು, ಅವರೆದುರೇ ತನ್ನದೇ ವರ್ತನೆಯ ಪಕ್ಕದ ಮನೆಯವಳಿಗೆ ಮಾರಿ ಹೋದಳು.