ಕೋರ್ಟಿನಲ್ಲಿ ಹಾಸಿದ ಕಂಬಳಿ

ನಮ್ಮ ವಕೀಲರದು ಕೊಕ್ಕರೆಯಂಥ ಉದ್ದ ಕುತ್ತಿಗೆ. ಸಿಟ್ಟು ಬಂದರೆ ಗಂಟಲಮಣಿ ಬಿಳಿ ಪಟ್ಟಿಯ ಮೇಲೆ ಏರಿ ಇಳಿಯುತ್ತಿತ್ತು. ಜಮಖಂಡಿಯ ಅವರ ಕೋಣೆಯಲ್ಲಿ ನಾನು ಬಾಯಿಗೆ ಸೆರಗು ಹಿಡಿದು ನಿಂತರೆ, "ಕೂಡಬೇ ತಂಗಿ, ನೀ ನಿಂತ್ರ ಅಪೀಲು ಲಗೂನ ಮುಗಿಯಾಂಗಿಲ್ಲ" ಎನ್ನುತ್ತಿದ್ದರು.

ಮಕ್ಕಳೇ, ನಿಮ್ಮ ಅಜ್ಜ ಕಬ್ಬಿನ ನಡುವೆ ಗಾಂಜಾ ಗಿಡ ಬೆಳೆಸಿದ್ದು ನಿಜ. ಎತ್ತಿನ ಹೊಟ್ಟೆ ಉಬ್ಬಿದರೆ ಆ ಸೊಪ್ಪು ಅರೆದು ಕುಡಿಸುವುದು ನಮ್ಮ ಮನೆಯಲ್ಲಿ ಹಿಂದಿನಿಂದ ಇತ್ತು. ಹೊಸ ಕಾಯ್ದೆ ಬಂದದ್ದು ತಿಳಿದಿರಲಿಲ್ಲ. ವಿಜಾಪುರದ ಕೋರ್ಟು ಐದು ವರ್ಷದ ಶಿಕ್ಷೆ ಕೊಟ್ಟಿತು. ನನಗಿನ್ನೂ ಮಕ್ಕಳಾಗಿರಲಿಲ್ಲ. "ಗಂಡನ್ನ ನುಂಗಿದಿ" ಎಂದು ಅತ್ತೆ ಹಂಗಿಸುವರು. ನಿಮ್ಮಜ್ಜ ಜೈಲಿನಲ್ಲಿ ಉಣ್ಣುವುದನ್ನೇ ಬಿಟ್ಟು ಕಡ್ಡಿಯಾಗಿದ್ದರು. ನೀರಿಗೆ ಹೋದರೆ ಬಾವಿಕಟ್ಟೆ ಬಿಟ್ಟು ಬರಲು ಮನಸ್ಸಾಗುತ್ತಿರಲಿಲ್ಲ.

"ಶಿಕ್ಷಾ ಕೊಡೂ ಮೊದಲ, ಏನರ ಹೇಳೂದೈತೇನು ಅಂತ ಜಜ್ಜರು ಕೇಳಿರತಾರ. ಅಂವ ಏನಂದ?" ಎಂದು ವಕೀಲರು ಒಂದು ದಿನ ಕೇಳಿದರು.

"ಹೆಗಲ ಮ್ಯಾಲಿನ ಕಂಬಳಿ ಹಾಸಿ, ಕೊಟ್ಟಷ್ಟು ಕೊಡ್ರಿ ಅಂದ್ರರಿ."

ನಮ್ಮೂರ ಬೀರೇಶ್ವರನ ಗುಡಿಕಟ್ಟೆಯಲ್ಲಿ ತಪ್ಪು ಮಾಡಿದವನು ಹಾಗೆ ಕಂಬಳಿ ಹಾಸಿದರೆ, ಹಿರಿಯರೇ ಅವನ ಮನೆಯ ಕಷ್ಟ ವಿಚಾರಿಸಿ ಶಿಕ್ಷೆ ಇಳಿಸುತ್ತಾರೆ. ತಾನಾಗಿ ಕೇಳುವುದು ಸೊಕ್ಕಿನ ಮಾತು. ಜಜ್ಜರಿಗೆ ಅದು ಹೇಗೆ ಗೊತ್ತಾಗಬೇಕು? ಇವನಿಗೆ ಹೇಳುವುದೇನೂ ಇಲ್ಲವೆಂದು ಬರೆಸಿದರು.

ವಕೀಲರ ಗಂಟಲಮಣಿ ಏರಿತು. "ಅಯ್ಯ ಹುಚ್ಚಪ್ಪಾ, ಅಲ್ಲಿ ಬಾಯಿ ಬಿಡಬೇಕಲೇ!" ಎಂದು ಎದುರಿಗಿಲ್ಲದ ನಿಮ್ಮಜ್ಜನನ್ನೇ ಬೈದರು. ಆಮೇಲೆ ನನ್ನ ಕಡೆ ತಿರುಗಿ, "ಗಿಡಾ ಹಚ್ಚಿಲ್ಲ ಅಂತ ನಾ ಹೈಕೋರ್ಟನ್ಯಾಗ ಸುಳ್ಳು ಹೇಳಾಂಗಿಲ್ಲ. ಶಿಕ್ಷಾ ಭಾಳ ಆತು, ಅವನ ಮಾತು ಯಾರೂ ಕೇಳಿಲ್ಲ, ಅಷ್ಟ ಹೇಳತೇನಿ" ಎಂದರು.

"ಇಳಸದಿದ್ರರಿ?"

"ಇಳಸದಿದ್ರ ಇಲ್ಲಿ ಬಂದು ನನ್ನ ಬೈ. ಬಾವಿ ಕಡೆ ಮಾತ್ರ ಹೋಗಬ್ಯಾಡ."

ಬಾವಿಯ ಮಾತನ್ನು ನಾನು ಯಾರಿಗೂ ಹೇಳಿರಲಿಲ್ಲ.

ಬೆಂಗಳೂರಿನಲ್ಲಿ ತಾರೀಖು ಮುಂದೆ ಮುಂದೆ ಹೋಗುತ್ತಿತ್ತು. ಪ್ರತಿ ಸಲವೂ ವಕೀಲರು ಎದೆ ಒತ್ತಿಕೊಂಡೇ ಬಸ್ಸು ಹತ್ತುತ್ತಿದ್ದರು. ಕಡೆಗೊಮ್ಮೆ ಹೈಕೋರ್ಟು ಅವರ ಮಾತು ಕೇಳಿತು. ತಪ್ಪು ತಪ್ಪೇ, ಆದರೆ ಜೈಲಿನಲ್ಲಿ ಈವರೆಗೆ ಕಳೆದದ್ದೇ ಸಾಕೆಂದು ಬಿಟ್ಟಿತು. ಎಲುಬಿನ ಗೂಡಾಗಿ ಬಂದ ನಿಮ್ಮಜ್ಜನಿಗೆ ಮೊದಮೊದಲು ನಾನೇ ತುತ್ತು ಮಾಡಿ ಉಣಿಸಿದೆ.

ಮುಂದೆ ನಿಮ್ಮ ಅವ್ವ ಹುಟ್ಟಿದಳು. ಕೂಸನ್ನು ತೋರಿಸಲು ಜಮಖಂಡಿಗೆ ಹೋದರೆ ಕೋಣೆಗೆ ಕೀಲಿ ಹಾಕಿತ್ತು. "ಹ್ವಾದ ವಾರ ತೀರಿಕೊಂಡ್ರವ್ವ, ಎದಿ ನಿಂತು" ಎಂದ ಪಕ್ಕದ ಚಹಾದಂಗಡಿಯವನು.

ನಿಮ್ಮ ಅವ್ವನನ್ನು ಆ ಹೊಸ್ತಿಲ ಮೇಲೆ ಒಂದು ಗಳಿಗೆ ಮಲಗಿಸಿ, ಎತ್ತಿಕೊಂಡು ಬಂದೆ.